ಬೆಳ್ಳಿಯ ಗುಂಡಗಡಿಗೆ ಮತ್ತು ನನ್ನ ಎದೆನೋವು

ಅದು ೧೯೬೩ನೇ ಇಸವಿ. ನನ್ನ ಮದುವೆಯಾಗಿ ವರ್ಷ ತುಂಬಿತ್ತು. ದೀಪಾವಳಿ ಮುಗಿದು ದಾಂಡೇಲಿಯಲ್ಲಿ ಚಳಿ ಶುರುವಾಗಿತ್ತು. ನನಗಾಗ ಹತ್ತೊಂಬತ್ತು. ಈಗ ಈ ಮಾತನ್ನು ನಾಲ್ಕು ಜನರೆದುರು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ. ಆಗ ಮಾತ್ರ ನನ್ನ ನೆರಳಿಗೆ ಹೇಳಲೂ ಹೆದರಿದ್ದೆ.

ನನ್ನ ತವರು ಹಳಿಯಾಳದ ಹತ್ತಿರದ ಒಂದು ಹಳ್ಳಿ. ಭತ್ತ, ಹತ್ತಿ ಬೆಳೆಯುವ ಒಕ್ಕಲುತನದ ಮನೆ. ಗಂಡನ ಮನೆಯವರು ಧಾರವಾಡದ ಕಡೆಯವರು. ನಮ್ಮ ಮನೆಯವರಿಗೆ ದಾಂಡೇಲಿಯ ಕಾಗದದ ಕಾರ್ಖಾನೆಯಲ್ಲಿ ಕೆಲಸ. ಲಾರಿಯಲ್ಲಿ ಬಂದ ಬಿದಿರನ್ನು ಇಳಿಸಿ ಒಟ್ಟುವ ಕಡೆ ಇದ್ದರು. ಪಾಳಿ ಮುಗಿಸಿ ಬಂದರೆಂದರೆ ಅಂಗಿಯ ತುಂಬ ಸಿಬಿರು. ಅದನ್ನು ಒಗೆಯುವಾಗ ನನ್ನ ಅಂಗೈ ಚುಚ್ಚಿಸಿಕೊಳ್ಳದ ದಿನವಿಲ್ಲ. ನಮ್ಮದು ಎರಡು ಕೋಣೆಯ ಮನೆ. ಸಾಲುಮನೆಗಳಿಗೆಲ್ಲ ಸೇರಿ ಒಂದೇ ನಳ. ಮನೆಯಲ್ಲಿ ಇದ್ದವರು ಮೂವರು. ಅವರು, ನಾನು, ನಮ್ಮತ್ತೆ ಸಂಗವ್ವ.

ಅತ್ತೆಗೆ ಮಾತು ಕಡಿಮೆ. ಅವರ ಬಾಯಿಂದ ಒಂದು ಮಾತು ಹೊರಗೆ ಬರಬೇಕಾದರೆ ಮೊದಲು ಒಂದು ಎಲೆಯಡಿಕೆ ಒಳಗೆ ಹೋಗಬೇಕು ಎಂದು ಮಗನೇ ನಗುತ್ತಿದ್ದರು. ಕೆಟ್ಟವರಲ್ಲ. ಆದರೆ ಬೈದರೋ ಹೊಗಳಿದರೋ ಎನ್ನುವುದು ಮುಖ ನೋಡಿದರೆ ತಿಳಿಯುತ್ತಿರಲಿಲ್ಲ. ಅಂಥವರ ಜೊತೆ ಹೊಸ ಸೊಸೆಯ ಬಾಳು ಅಂದಾಜಿನ ಮೇಲೆಯೇ ನಡೆಯುತ್ತದೆ.

ನಮ್ಮದು ಲಿಂಗವಂತರ ಮನೆತನ. ಹುಟ್ಟಿದ ಕೂಸಿಗೆ ಕಟ್ಟಿದ ಲಿಂಗ ಮಣ್ಣಿಗೆ ಹೋಗುವವರೆಗೂ ಮೈಮೇಲೆ ಇರಬೇಕು. ತವರಿನಲ್ಲಿ ನಾನು ಅದನ್ನು ಬಿಳಿಯ ಅರಿವೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಂಡಿದ್ದೆ. ನಾನು ಮದುವೆಯಾಗಿ ಮನೆ ತುಂಬಿದ ದಿನ ಅತ್ತೆ ತಮ್ಮ ಕೊರಳಿನ ಬೆಳ್ಳಿಯ ಗುಂಡಗಡಿಗೆಯನ್ನು ಬಿಚ್ಚಿದರು. ಗುಂಡಗಡಿಗೆ ಎಂದರೆ ಲಿಂಗ ಇಡುವ ಗುಂಡನೆಯ ಕರಡಿಗೆ. ತಮ್ಮ ಲಿಂಗವನ್ನು ಅರಿವೆಯಲ್ಲಿ ಕಟ್ಟಿಕೊಂಡು, ನನ್ನ ಲಿಂಗವನ್ನು ಆ ಬೆಳ್ಳಿಯೊಳಗಿಟ್ಟು ನನ್ನ ಕೊರಳಿಗೆ ಹಾಕಿದರು. ಅದು ಅವರ ಅತ್ತೆ ಅವರಿಗೆ ಕೊಟ್ಟದ್ದಂತೆ. ಗಟ್ಟಿ ಬೆಳ್ಳಿ, ಕೈಯಲ್ಲಿ ಹಿಡಿದರೆ ಸಣ್ಣ ಕಲ್ಲು ಹಿಡಿದ ಹಾಗೆ. ಎರಡೂ ಬದಿಗೆ ಮೊಗ್ಗಿನಂಥ ಕೆತ್ತನೆ. ಅಂಥ ಒಡವೆ ನಮ್ಮ ತವರಿನ ಯಾರ ಕೊರಳಲ್ಲೂ ಇರಲಿಲ್ಲ. ನಾನು ಸೆರಗು ಸರಿಸಿ ಸರಿಸಿ ಅದನ್ನು ಓರಗೆಯವರಿಗೆ ತೋರಿಸಿದ್ದೂ ಉಂಟು.

ಅದನ್ನು ಧರಿಸುವುದಕ್ಕೂ ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ರೊಟ್ಟಿ ಬಡಿಯಲು ಬಗ್ಗಿದರೆ ಅದು ಜೋತುಬಿದ್ದು ಹಿಟ್ಟಿಗೆ ತಾಗುತ್ತದೆ. ಬೀಸುವಾಗ ಕಲ್ಲಿಗೆ ಬಡಿಯುತ್ತದೆ. ಲಿಂಗಕ್ಕೆ ಹಾಗೆಲ್ಲ ಆಗಬಾರದು. ಅದಕ್ಕೆ ಅತ್ತೆ ಮೊದಲ ದಿನವೇ ತೋರಿಸಿಕೊಟ್ಟಿದ್ದರು: ಗುಂಡಗಡಿಗೆಯನ್ನು ಎಡಕ್ಕೆ ಸರಿಸಬೇಕು, ಕುಪ್ಪಸದೊಳಗೆ ಮೊಲೆಯ ಕೆಳಗೆ ಸಿಗಿಸಬೇಕು, ಆಮೇಲೆ ಕುಪ್ಪಸದ ಮುಂದಿನ ಗಂಟನ್ನು ಜಗ್ಗಿ ಕಟ್ಟಬೇಕು. ಆಗ ಅದು ಅಲ್ಲಾಡುವುದಿಲ್ಲ. ನಾನು ಹೇಳಿದ್ದನ್ನು ಕೇಳುವ ಸೊಸೆ. ಬೆಳಗ್ಗೆ ಬಿಗಿದ ಗಂಟನ್ನು ಮರುದಿನ ಪೂಜೆಯ ಹೊತ್ತಿಗೇ ಬಿಚ್ಚುತ್ತಿದ್ದೆ. ಮಲಗುವಾಗಲೂ ಹಾಗೆಯೇ. ನನಗೆ ಬೋರಲು ಮಲಗುವ ರೂಢಿ ಬೇರೆ.

ಮಳೆಗಾಲದಲ್ಲಿ ನೋವು ಶುರುವಾಯಿತು. ತಿಂಗಳ ಮುಟ್ಟು ಹತ್ತಿರ ಬಂದಾಗ ಎರಡೂ ಮೊಲೆಗಳು ಭಾರವಾಗಿ ಜಗ್ಗುತ್ತಿದ್ದವು. ಅದು ಮೊದಲೂ ಇತ್ತು, ನಾಲ್ಕು ದಿನಕ್ಕೆ ಹೋಗುತ್ತಿತ್ತು. ಈಗಿನದು ಬೇರೆ. ಎಡಗಡೆ ಕೆಳಗೆ, ಒಂದೇ ಜಾಗದಲ್ಲಿ, ಬೆರಳಿಟ್ಟು ತೋರಿಸಬಹುದಾದಂಥ ನೋವು. ಕೊಡ ಎತ್ತಿದರೆ ಚುಚ್ಚುತ್ತಿತ್ತು. ಜೋರಾಗಿ ಉಸಿರೆಳೆದರೆ ಚುಚ್ಚುತ್ತಿತ್ತು. ಒಂದು ದಿನ ಬಚ್ಚಲಲ್ಲಿ ಒತ್ತಿ ನೋಡಿಕೊಂಡೆ. ಬೆರಳಿಗೆ ಗಟ್ಟಿಯಾದದ್ದೇನೋ ಹತ್ತಿತು. ಅಲ್ಲಿಗೆ ನನ್ನ ಅನ್ನನೀರು ಹೋಯಿತು.

ಯಾಕೆ ಎನ್ನುವುದಕ್ಕೆ ನಮ್ಮ ನೀಲಮ್ಮ ಚಿಗವ್ವನ ಕತೆ ಹೇಳಬೇಕು. ಚಿಗವ್ವ ನಮ್ಮವ್ವನ ತಂಗಿ. ಅವಳನ್ನು ಮುಂಡಗೋಡದ ಕಡೆ ಕೊಟ್ಟಿದ್ದರು. ನಾನು ಇನ್ನೂ ಲಂಗ ಉಡುತ್ತಿದ್ದಾಗ ಒಂದು ದಿನ ಅವಳ ಗಂಡನ ಮನೆಯ ಎತ್ತಿನ ಚಕ್ಕಡಿ ನಮ್ಮ ಬಾಗಿಲಿಗೆ ಬಂತು. ಚಿಗವ್ವನನ್ನು ಇಳಿಸಿದರು, ಅವಳ ಟ್ರಂಕನ್ನು ಕಟ್ಟೆಯ ಮೇಲಿಟ್ಟರು. ಅವ್ವ ತಂಬಿಗೆ ನೀರು ತಂದು ಹಿಡಿದರೆ ಅವರು ಮುಟ್ಟಲಿಲ್ಲ. ಬಂದ ದಾರಿಯಲ್ಲೇ ಚಕ್ಕಡಿ ತಿರುಗಿಸಿದರು. ಚಿಗವ್ವನಿಗೆ ಎದೆಯಲ್ಲಿ ಗಂಟಾಗಿತ್ತು, ಒಡೆದಿತ್ತು. ನಮ್ಮ ಪಡಸಾಲೆಯ ಮೂಲೆಯಲ್ಲಿ ಮಲಗಿದವಳು ಮತ್ತೆ ಏಳಲಿಲ್ಲ. ಅವಳ ಗಂಡ ಒಂದು ಸಲವೂ ಬರಲಿಲ್ಲ. ಸತ್ತಾಗ ಬಂದ, ಮಣ್ಣು ಕೊಟ್ಟು ಹೋದ.

ನನಗೆ ಸಾಯುವ ಹೆದರಿಕೆಗಿಂತ ಆ ಟ್ರಂಕಿನ ಹೆದರಿಕೆ ದೊಡ್ಡದಾಗಿತ್ತು. ನನ್ನದೂ ಗಂಟು ಎಂದು ತಿಳಿದರೆ ನನ್ನನ್ನೂ ತವರಿನ ಕಟ್ಟೆಯ ಮೇಲೆ ಇಟ್ಟು ಬರುತ್ತಾರೆ. ನಮ್ಮ ಮನೆಯವರು ಒಳ್ಳೆಯವರೇ. ಆದರೆ ಚಿಗವ್ವನ ಗಂಡನೂ ಮದುವೆಯಾದ ಹೊಸದರಲ್ಲಿ ಒಳ್ಳೆಯವನೇ ಆಗಿದ್ದನಂತೆ. ಹೇಳಿಕೊಂಡರೆ ಮಾನ ಹೋಗುತ್ತದೆ, ಬಿಟ್ಟರೆ ಪ್ರಾಣ ಹೋಗುತ್ತದೆ ಎನ್ನುತ್ತಾರಲ್ಲ, ಹಾಗೆ ಆಯಿತು ನನ್ನ ಪಾಡು. ಇನ್ನು ಆ ಕಾಲದಲ್ಲಿ ಮೊಲೆ ಎಂಬ ಮಾತನ್ನು ಎಮ್ಮೆಯ ವಿಷಯದಲ್ಲಿ ಬಿಟ್ಟರೆ ಬಾಯಿಬಿಟ್ಟು ಆಡುವವರು ಯಾರಿದ್ದರು? ಗಂಡನಿಗೆ ಹೇಳುವುದು ದೂರ ಉಳಿಯಿತು. ಅವರು ಪಾಳಿಯಿಂದ ಬಂದು ಉಂಡು ಮಲಗುವವರು.

ಪೂಜೆಯ ಹೊತ್ತಿಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು, ಶಿವನೇ, ಇದೊಂದನ್ನು ಕರಗಿಸು ಎಂದು ಬೇಡುತ್ತಿದ್ದೆ. ಬೇಡಿ, ಮತ್ತೆ ಅದನ್ನು ಬೆಳ್ಳಿಯಲ್ಲಿಟ್ಟು ನೋವಿರುವ ಜಾಗದಲ್ಲೇ ಸಿಗಿಸಿ, ಇನ್ನೂ ಬಿಗಿಯಾಗಿ ಗಂಟು ಹಾಕುತ್ತಿದ್ದೆ. ದೇವರು ಒತ್ತಿಕೊಂಡಿದ್ದರೆ ಗಂಟು ಕರಗೀತು ಎನ್ನುವುದು ನನ್ನ ಲೆಕ್ಕ. ಈಗ ನೆನೆದರೆ ನಗು ಬರುತ್ತದೆ.

ನಳದ ಹತ್ತಿರ ಯಾರಾದರೂ ಕಾಯಿಲೆಯ ಸುದ್ದಿ ತೆಗೆದರೆ ನನ್ನ ಕೈ ತಾನಾಗಿ ಎಡಗಡೆಗೆ ಹೋಗುತ್ತಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಪಕ್ಕದ ಮನೆಯ ಶಾಂತಾಬಾಯಿ ಅದನ್ನು ನೋಡಿರಬೇಕು. ಅವಳು ಜೊಯಿಡಾ ಕಡೆಯವಳು, ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಅರ್ಧ ಮರಾಠಿ ಅರ್ಧ ಕನ್ನಡ. ಏನಾಯಿತೆಂದು ಒಂದು ಸಲ ಕೇಳಿದಳು. ಏನಿಲ್ಲ, ಹೇನು ಕಡಿದಿರಬೇಕು ಎಂದುಬಿಟ್ಟೆ. ಎಂಥ ಉತ್ತರ ನೋಡಿ. ಆಮೇಲೆ ಅವಳು ಒಂದು ವಾರ ನನ್ನಿಂದ ದೂರ ನಿಲ್ಲುತ್ತಿದ್ದಳು.

ಅತ್ತೆಗೆ ಗೊತ್ತಾದದ್ದು ಮಾತ್ರ ಕಣ್ಣಿನಿಂದಲ್ಲ, ಕಿವಿಯಿಂದ. ಒಂದು ಬೆಳಗ್ಗೆ ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ಅವರು ಹೊರಗಿನ ಕೋಣೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ಅಲ್ಲಿಂದಲೇ ಕೇಳಿದರು.

"ಗಂಗವ್ವಾ, ನಿನ್ನ ರೊಟ್ಟಿ ಸಪ್ಪಳ ಬ್ಯಾರೆ ಆಗೇತಲ್ಲ. ನಡುನಡುವ ನಿಂದರತೈತಿ. ಯಾಕ?"

ಕೈ ಸೋತಿದೆ ಎಂದೆ. ಅವರು ಮತ್ತೇನೂ ಕೇಳಲಿಲ್ಲ. ಆದರೆ ಅವತ್ತಿನಿಂದ ನಾನು ನೀರು ತರಲು ಹೋದರೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಕೊಡವನ್ನು ಎಡ ಸೊಂಟದಿಂದ ಬಲಕ್ಕೆ ಬದಲಾಯಿಸಿದ್ದನ್ನೂ ನೋಡಿದರು. ಎರಡು ಮೂರು ದಿನ ಬಿಟ್ಟು ಅವರೂ ಶಾಂತಾಬಾಯಿಯೂ ಬೇಲಿಯ ಹತ್ತಿರ ಮೆಲ್ಲಗೆ ಮಾತಾಡುವುದು ಕಂಡಿತು. ನಾನು ಹೋದ ಕೂಡಲೇ ಇಬ್ಬರೂ ಸುಮ್ಮನಾದರು. ಸಂಜೆ ಅತ್ತೆ ಎಲೆಗೆ ಸುಣ್ಣ ಸವರುತ್ತ ಹೇಳಿದರು.

"ನಾಳೆ ಹಳಿಯಾಳಕ್ಕ ಹೋಗೂಣು. ಒಂದು ಸೀರಿ ಗಂಟಿನ್ಯಾಗ ಇಡು."

ನನ್ನ ಕೈಯಲ್ಲಿದ್ದ ಚಿಮಣಿ ಎಣ್ಣೆಯ ಡಬ್ಬಿ ಜಾರಿತು. ಹಳಿಯಾಳ ಎಂದರೆ ನನ್ನ ತವರಿನ ದಾರಿ. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಕರೆಯಲು ಅಣ್ಣ ಬಂದಿಲ್ಲ. ಸೊಸೆಯನ್ನು ಅತ್ತೆ ತಾನೇ ಕರೆದುಕೊಂಡು ಹೊರಟಳೆಂದರೆ ಅದಕ್ಕೆ ಬೇರೆ ಏನು ಅರ್ಥ? ಚೆಲ್ಲಿದ ಎಣ್ಣೆಯನ್ನು ಅರಿವೆಯಿಂದ ಒರೆಸಿದೆ. ನಮ್ಮ ಮನೆಯವರಿಗೂ ಗೊತ್ತಿತ್ತು ಎಂದು ಕಾಣುತ್ತದೆ. ಊಟ ಮಾಡುವಾಗ ನನ್ನ ಮುಖ ನೋಡಲಿಲ್ಲ. ಟ್ರಂಕಲ್ಲ, ಬಟ್ಟೆಯ ಗಂಟು, ಅಷ್ಟರಮಟ್ಟಿಗೆ ಚಿಗವ್ವನಿಗಿಂತ ನಾನು ಪುಣ್ಯವಂತೆ ಎಂದುಕೊಂಡೆ.

ಮರುದಿನ ಬೆಳಗಿನ ಬಸ್ಸು ಹತ್ತಿದೆವು. ಚಳಿಗೆ ಕಿಟಕಿಯ ಪರದೆ ಇಳಿಬಿಟ್ಟಿದ್ದರು. ಸಂದಿಯಲ್ಲಿ ಸಾಗವಾನಿ ಗಿಡಗಳು, ಎದುರಿಗೆ ಬರುವ ಬಿದಿರಿನ ಲಾರಿಗಳು, ಕೆಂಪು ಧೂಳು. ಬಸ್ಸು ಕುಲುಕಿದಾಗಲೆಲ್ಲ ಎಡಗಡೆ ಚುಚ್ಚುತ್ತಿತ್ತು. ನಾನು ತುಟಿ ಕಚ್ಚಿ ಕುಳಿತಿದ್ದೆ. ಅತ್ತೆ ಒಂದು ಮುಷ್ಟಿ ಹುರಿದ ಶೇಂಗಾ ನನ್ನ ಉಡಿಗೆ ಹಾಕಿದರು. ಬಿಟ್ಟು ಬರುವ ದಿನ ಪ್ರೀತಿ ಹೆಚ್ಚು ಎಂದು ಅದಕ್ಕೂ ನನ್ನದೇ ಒಂದು ಅರ್ಥ ಹಚ್ಚಿದೆ. ಒಂದು ಕಾಳನ್ನೂ ಬಾಯಿಗೆ ಹಾಕದೆ ಉಡಿ ಕಟ್ಟಿಕೊಂಡೆ.

ಹಳಿಯಾಳದಲ್ಲಿ ಇಳಿದೆವು. ನಮ್ಮ ಊರಿನ ಚಕ್ಕಡಿಗಳು ನಿಲ್ಲುವ ಜಾಗ ನನಗೆ ಗೊತ್ತು. ಆ ಕಡೆ ಹೆಜ್ಜೆ ಹಾಕಿದೆ. ಅತ್ತೆ ನನ್ನ ಮುಂಗೈ ಹಿಡಿದರು. "ಅತ್ತಾಗ ಅಲ್ಲ, ಈ ಕಡೆ ಬಾ" ಎಂದು ಪೇಟೆಯ ಕಡೆ ಎಳೆದುಕೊಂಡು ಹೊರಟರು. ಒಂದು ಸಂದಿಯಲ್ಲಿ ಹಳೆಯ ಮನೆ, ಮುಂದಿನ ಕಟ್ಟೆಯ ಮೇಲೆ ಕೂಸು ಎತ್ತಿಕೊಂಡ ಹೆಂಗಸರು. ಒಳಗಿನಿಂದ ಔಷಧದ ವಾಸನೆ. ಆಗ ತಿಳಿಯಿತು. ವಾರಕ್ಕೊಮ್ಮೆ ಧಾರವಾಡದಿಂದ ಒಬ್ಬ ಡಾಕ್ಟರಬಾಯಿ ಬಂದು ಅಲ್ಲಿ ಹೆಣ್ಣುಮಕ್ಕಳನ್ನು ನೋಡುತ್ತಿದ್ದರಂತೆ. ಶಾಂತಾಬಾಯಿ ಬೇಲಿಯ ಹತ್ತಿರ ಹೇಳಿಕೊಟ್ಟದ್ದು ಇದನ್ನೇ. ನನಗೆ ಅತ್ತೆಯ ಕಾಲು ಹಿಡಿಯಬೇಕು ಎನ್ನಿಸಿತು. ಮರುಕ್ಷಣವೇ ಮತ್ತೊಂದು ಹೆದರಿಕೆ ಬಂತು. ಇಲ್ಲಿ ಗಂಟು ಹೌದೆಂದು ತೀರ್ಮಾನವಾದ ಮೇಲೆ ಆ ಚಕ್ಕಡಿಯ ಜಾಗ ಏನೂ ದೂರವಿಲ್ಲ.

ಡಾಕ್ಟರಬಾಯಿಗೆ ನಲವತ್ತರ ಮೇಲಿನ ವಯಸ್ಸು. ಬಿಳಿಯ ಸೀರೆ, ಕೈಗೆ ಗಡಿಯಾರ. ನಾನು ಏನಾಗಿದೆ ಎಂದು ಹೇಳದೆ ನೆಲ ನೋಡುತ್ತ ನಿಂತರೂ ಬೇಸರಿಸಲಿಲ್ಲ. ಒಂದೊಂದಾಗಿ ಕೇಳಿದರು. ನೋವು ಎಲ್ಲಿ? ಯಾವಾಗಿನಿಂದ? ಮುಟ್ಟಿನ ಮುಂಚೆ ಹೆಚ್ಚಾಗುತ್ತದೆಯೋ? ಜ್ವರ, ಕೆಮ್ಮು ಇದೆಯೋ? ಕೆಲಸ ಮಾಡದೆ ಸುಮ್ಮನೆ ಕೂತಾಗ ದಮ್ಮು ಬರುತ್ತದೆಯೋ? ಕೊಡ ಎತ್ತಿದರೆ ನೋಯುತ್ತದೆಯೋ? ಹೇಗೆ ಮಲಗುತ್ತೀ? ಬೋರಲು ಎಂದಾಗ ಏನೋ ನೆನಪಿಟ್ಟುಕೊಂಡವರಂತೆ ತಲೆಯಾಡಿಸಿದರು. ಆಮೇಲೆ ಪರದೆಯ ಹಿಂದೆ ಕರೆದುಕೊಂಡು ಹೋಗಿ, ಕುಪ್ಪಸ ಬಿಚ್ಚಿ ಕೊರಳಿನದನ್ನು ಸ್ವಲ್ಪ ತೆಗೆದು ಪಕ್ಕಕ್ಕಿಡು ಎಂದರು.

ನಾನು ಗುಂಡಗಡಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಲಿಂಗವನ್ನು ಮೈಯಿಂದ ಅಗಲಿಸುವ ಹಾಗಿಲ್ಲ, ಅದಕ್ಕಿಂತ ಸಾಯುವುದು ಲೇಸು ಎಂದು ಸಣ್ಣಂದಿನಿಂದ ಕೇಳಿದ ಮಾತು. ಈ ಕಾಯಿಲೆಯ ಕಾಲದಲ್ಲಂತೂ ಆಗದು. ಆಗುವುದಿಲ್ಲ ಎಂದೆ. ಡಾಕ್ಟರಬಾಯಿ ತಿಳಿಹೇಳಿದರು, ನಾನು ಅಳುತ್ತ ನಿಂತೆ. ಅದನ್ನು ತೆಗೆಯದೆ ಅವರು ನೋಡುವ ಹಾಗಿಲ್ಲ, ಅದು ಇದ್ದದ್ದೇ ಆ ಜಾಗದಲ್ಲಿ. ಇನ್ನೇನು ಅವರು ಕೈಬಿಟ್ಟು ಮುಂದಿನವರನ್ನು ಕರೆಯುತ್ತಾರೆ ಎನ್ನುವಾಗ ಪರದೆ ಸರಿಸಿ ಅತ್ತೆ ಒಳಗೆ ಬಂದರು.

"ದಿನಾ ಪೂಜಿ ಮಾಡೂವಾಗ ಲಿಂಗ ಎಲ್ಲಿರತೈತಿ, ಗಂಗವ್ವಾ?" ಎಂದರು. "ಅಂಗೈಯಾಗನ ಅಲ್ಲೇನು? ಈಗೂ ಅಂಗೈಯಾಗ ಹಿಡಕೋ. ಅದು ನಿನ್ನ ಬಿಟ್ಟು ಎಲ್ಲೂ ಹೋಗೂದಿಲ್ಲ."

ಅವರೇ ಗುಂಡಗಡಿಗೆ ತೆರೆದು, ಲಿಂಗವನ್ನು ನನ್ನ ಎಡ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಿಸಿದರು. ಬೆಳ್ಳಿಯ ಕರಡಿಗೆಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು ಅಲ್ಲಿಯೇ ನಿಂತರು.

ಡಾಕ್ಟರಬಾಯಿ ಬಹಳ ಹೊತ್ತು ನೋಡಿದರು. ಎರಡೂ ಕಡೆ, ಕಂಕುಳಲ್ಲಿ, ಬೆರಳ ತುದಿಯಿಂದಲ್ಲ, ಬೆರಳುಗಳನ್ನು ಚಪ್ಪಟೆಯಾಗಿಟ್ಟು ತಿರುವುತ್ತ ನೋಡಿದರು. ಕೊನೆಗೆ ಮೊಲೆಯನ್ನು ಮೆಲ್ಲಗೆ ಮೇಲಕ್ಕೆ ಸರಿಸಿ, ಅದರ ಕೆಳಗಿನ ಎಲುಬನ್ನು ಒಂದು ಕಡೆ ಒತ್ತಿದರು. ನಾನು ಅಯ್ಯೋ ಎಂದೆ. "ಇದನ ಅಲ್ಲ ನಿನ್ನ ಗಂಟು?" ಎಂದು ಅವರು ನಕ್ಕರು. ಆಮೇಲೆ ಅತ್ತೆಯ ಕೈಯಿಂದ ಗುಂಡಗಡಿಗೆ ತೆಗೆದುಕೊಂಡು ನನ್ನ ಮೈಮೇಲೆ ಇಟ್ಟರು. ಅಲ್ಲಿ ಚರ್ಮ ಕೆಂಪಗೆ ಗುಂಡಗೆ ಕಂದಿತ್ತು, ನಡುವೆ ಮೊಗ್ಗಿನ ಗುರುತು. ಮುಚ್ಚಳ ಡಬ್ಬಿಗೆ ಕೂತ ಹಾಗೆ ಗುಂಡಗಡಿಗೆ ಆ ಗುರುತಿನ ಮೇಲೆ ಕೂತಿತು.

"ಗಂಟೂ ಇಲ್ಲ, ಏನೂ ಇಲ್ಲ ತಂಗಿ. ಇದು ಎಲುಬಿನ ನೋವು. ಎಲುಬಿನ ಸಂದು ಬಾತದ. ಹಗಲೆಲ್ಲಾ ಬೀಸತಿ, ಬಡೀತಿ, ಕೊಡಾ ಎತ್ತತಿ. ಮ್ಯಾಲೆ ಈ ಬೆಳ್ಳಿ ಕಲ್ಲು ಒತ್ತಿ ಕಟ್ಟಿ ಅದರ ಮ್ಯಾಲನ ಮಲಗತಿ. ನೋಯದ ಏನು ಮಾಡೀತು?"

ನಾನು ಅಲ್ಲಿಯೇ ಕುಳಿತು ಅತ್ತುಬಿಟ್ಟೆ. ಎಷ್ಟು ದಿನದ ಅಳುವೋ, ನಿಲ್ಲಲಿಲ್ಲ. ಡಾಕ್ಟರಬಾಯಿ ನೀರು ಕುಡಿಸಿದರು. ಆಮೇಲೆ ನಿಧಾನವಾಗಿ ಕೂಡಿಸಿಕೊಂಡು ಹೇಳಿದರು. ಮುಟ್ಟಿನ ಮುಂಚೆ ಎರಡೂ ಕಡೆ ಜಗ್ಗುವುದು ಹರೆಯದ ಹೆಣ್ಣುಮಕ್ಕಳಲ್ಲಿ ಬಹಳ ಮಂದಿಗೆ ಇರುತ್ತದೆ, ಅದು ರೋಗವಲ್ಲ. ಎಲುಬಿನ ನೋವು ಒತ್ತಿದರೆ, ಭಾರ ಎತ್ತಿದರೆ ಹೆಚ್ಚುತ್ತದೆ, ಅದಕ್ಕೆ ವಿಶ್ರಾಂತಿ ಮತ್ತು ಬಿಸಿನೀರಿನ ಕಾವು ಸಾಕು. ಆದರೆ ಹೊಸದಾಗಿ ಗಂಟು ಕಂಡರೆ, ಚರ್ಮ ಕುಳಿ ಬಿದ್ದರೆ, ತೊಟ್ಟಿನಿಂದ ರಕ್ತ ಬಂದರೆ, ಸುಮ್ಮನೆ ಕೂತಾಗಲೂ ಎದೆ ಹಿಡಿದು ದಮ್ಮು ಬಂದರೆ, ನೋವು ಇರಲಿ ಇಲ್ಲದಿರಲಿ, ತಡಮಾಡದೆ ತೋರಿಸಬೇಕು. ನಾನು ಧೈರ್ಯ ಮಾಡಿ ಚಿಗವ್ವನ ವಿಷಯ ಹೇಳಿದೆ. ಅವರ ನಗು ಹೋಯಿತು.

"ನಿಮ್ಮ ಚಿಗವ್ವಗ ಸುರುವಿಗೆ ನೋಯ್ತಿತ್ತೋ ಇಲ್ಲೋ ನಿಮ್ಮ ತಾಯಿಗೆ ಕೇಳು. ಕೆಟ್ಟ ಗಂಟು ಭಾಳ ಸರ್ತಿ ಮೊದಲಿಗೆ ನೋಯೂದಿಲ್ಲ. ಅದಕ್ಕ ಯಾರೂ ತೋರಸೂದಿಲ್ಲ. ನಿನ್ನಂಗ ನೋಯುವವರು ಹೆದರಿ ಹೇಳೂದಿಲ್ಲ, ನೋಯದವರು ಯಾಕ ಹೇಳಬೇಕಂತ ಹೇಳೂದಿಲ್ಲ" ಎಂದರು.

ಗುಳಿಗೆ ಕೊಟ್ಟರು. ಬೀಸುವುದು ಸ್ವಲ್ಪ ದಿನ ಬೇಡ, ಲಿಂಗ ಅರಿವೆಯಲ್ಲಿರಲಿ, ಕುಪ್ಪಸ ಸಡಿಲವಿರಲಿ, ಮುಟ್ಟು ಮುಗಿದ ಮೇಲೆ ಇನ್ನೊಮ್ಮೆ ಬಂದು ತೋರಿಸು ಎಂದರು.

ಹೊರಗೆ ಬಂದು ಒಂದು ಮರದ ಕೆಳಗಿನ ಕಟ್ಟೆಯ ಮೇಲೆ ಕುಳಿತೆವು. ನನಗೆ ಬಸ್ಸಿನಲ್ಲಿ ತಿನ್ನದ ಶೇಂಗಾ ಈಗ ಬೇಕೆನ್ನಿಸಿತು. ಉಡಿಯಿಂದ ತೆಗೆದು ತಿನ್ನುತ್ತಿದ್ದೆ. ಅತ್ತೆ ಗುಂಡಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು. ಎಲೆಯಡಿಕೆಯ ಚೀಲ ಸೊಂಟದಲ್ಲೇ ಇತ್ತು, ಅದನ್ನು ಬಿಚ್ಚಲಿಲ್ಲ. ಎಲೆ ಹಾಕದೆ ಅವರು ಅಷ್ಟು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನನಗೂ ಅಲ್ಲೇ ನೋಯ್ತಿತ್ತು" ಎಂದರು. "ಲಗ್ನಾದ ಮರುವರಸಕ್ಕ ಸುರು ಆಗಿತ್ತು. ಹೆಣ್ಣಾಗಿ ಹುಟ್ಟಿದ ಮ್ಯಾಲೆ ಇದೂ ಒಂದು ಇರತೈತಿ ಅಂತ ತಿಳಕೊಂಡೆ. ಯಾರಿಗೆ ಹೇಳೂದು? ನೀ ಮನೀಗೆ ಬಂದ ವರಸ ನಿಂತು ಹೋತು. ಮುಟ್ಟು ನಿಲ್ಲೂ ವಯಸ್ಸು, ಅದರ ಕೂಡ ಇದೂ ನಿಂತಿತು ಅಂತ ಮಾಡಿದ್ದೆ."

ಗುಂಡಗಡಿಗೆಯ ಮೊಗ್ಗನ್ನು ಹೆಬ್ಬೆರಳಿನಿಂದ ಸವರಿದರು. ಆಮೇಲೆ ನನ್ನ ಕಡೆ ನೋಡದೆ, "ಬೆಳ್ಳಿ ಕೊಟ್ಟೆ ಅಂದಕೊಂಡಿದ್ದೆ. ನನ್ನ ಬ್ಯಾನೀನ ನಿನಗ ಕೊಟ್ಟೆ ನೋಡವಾ" ಎಂದರು.

ನಾನು ಉಡಿಗೆ ಕೈ ಹಾಕಿದೆ. ಒಂದಿಷ್ಟು ಶೇಂಗಾ ಅವರ ಕೈಗೆ ಹಾಕಿದೆ. ಅವರು ತಿಂದರು.

ಎದ್ದು ನಿಂತ ಮೇಲೆ ಅತ್ತೆ ಚಕ್ಕಡಿಗಳ ಜಾಗದ ಕಡೆಗೇ ನಡೆದರು. ಇಲ್ಲಿಯವರೆಗೆ ಬಂದಿದ್ದೇವೆ, ನಿಮ್ಮವ್ವನ ಮುಖ ನೋಡಿ ಹೋಗೋಣ ಎಂದರು. ನಮ್ಮ ಬಾಗಿಲಿಗೆ ಹೋದಾಗ ಅವ್ವ ಕಸ ಗುಡಿಸುತ್ತಿದ್ದಳು. ಅತ್ತೆಯೂ ನಾನೂ ಕರೆಯದೆ ಬಂದದ್ದನ್ನು, ನನ್ನ ಕೈಯಲ್ಲಿನ ಬಟ್ಟೆಯ ಗಂಟನ್ನು ನೋಡಿ ಅವಳ ಮುಖ ಬಿಳಿಚಿತು. ಅವಳಿಗೂ ಅದೇ ಚಕ್ಕಡಿ ನೆನಪಾಗಿರಬೇಕು. ಒಳಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. ಅತ್ತೆ ಕಟ್ಟೆಯ ಮೇಲೆ ಕುಳಿತು, ತಂಬಿಗೆ ಎತ್ತಿ, ಗಟಗಟ ಪೂರ್ತಿ ಕುಡಿದರು. "ನಾಳೆ ಮುಂಜಾನೆ ಇಬ್ಬರೂ ಹೊಕ್ಕೇವಿ. ಇವತ್ತ ನಿಮ್ಮ ಮನ್ಯಾಗ ಉಣ್ಣೂದು" ಎಂದರು. ಆಮೇಲೆ ಗಂಟು ಬಿಚ್ಚಿದರೆ ನನ್ನ ಸೀರೆಯ ಕೆಳಗೆ ಅವರದೂ ಒಂದು ಸೀರೆ ಇತ್ತು. ಡಾಕ್ಟರಬಾಯಿ ಧಾರವಾಡದ ದವಾಖಾನೆಗೆ ಕಳಿಸಿದರೆ ಜೊತೆಗೆ ತಾವೂ ಇರಬೇಕಾದೀತು ಎಂದು ನಾನು ಮಲಗಿದ ಮೇಲೆ ಇಟ್ಟುಕೊಂಡಿದ್ದರಂತೆ. ನಮ್ಮ ಮನೆಯವರು ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಮುಖ ತಗ್ಗಿಸಿದ್ದು ಯಾಕೆಂದೂ ಆಗಲೇ ತಿಳಿಯಿತು. ಹೆಂಡತಿಗೆ ಎದೆನೋವು ಎಂದು ತಾಯಿಯ ಬಾಯಿಂದ ಕೇಳಿ ಪಾಪ ಅವರಿಗೆ ನಾಚಿಕೆಯಾಗಿತ್ತು.

ಒಲೆಯ ಮುಂದೆ ಕೂತಾಗ ಅವ್ವನನ್ನು ಕೇಳಿದೆ. ಚಿಗವ್ವನಿಗೆ ಮೊದಲು ನೋಯುತ್ತಿತ್ತೇ? ಅವ್ವ ಒಲೆಯ ಕಟ್ಟಿಗೆಯನ್ನು ಮುಂದೂಡಿದಳು. "ಇಲ್ಲವಾ. ಒಂದು ಪಂಚಮಿಗೆ ಬಂದಾಗ ನನ್ನ ಕೈ ಹಿಡದು ಮುಟ್ಟಿಸಿದ್ದಳು. ನೋಯತೈತೇನು ಅಂದೆ. ಇಲ್ಲ ಅಂದಳು. ನೋಯದಿದ್ದರ ಬಿಡು ಅಂದೆ" ಎಂದಳು. ಅತ್ತೆ ಬಾಗಿಲ ಹತ್ತಿರ ಕೂತಿದ್ದರು. ಎದ್ದು ಬಂದು ಅವ್ವನ ಪಕ್ಕದಲ್ಲಿ ಕುಳಿತರು. ಅವತ್ತು ನಮ್ಮ ಮನೆಯಲ್ಲಿ ಚಿಗವ್ವನ ಹೆಸರು ಹಿಡಿದು ಎಲ್ಲರೂ ಅತ್ತೆವು. ಅವಳು ಸತ್ತಾಗಲೂ ಹಾಗೆ ಬಾಯಿಬಿಟ್ಟು ಅತ್ತಿರಲಿಲ್ಲ.

ದಾಂಡೇಲಿಗೆ ಬಂದ ಮೇಲೆ ಅತ್ತೆ ತಮ್ಮ ಹಳೆಯ ಸೀರೆಯ ಮೆತ್ತನೆಯ ತುಂಡಿನಿಂದ ಒಂದು ಚೀಲ ಹೊಲಿದರು. ಲಿಂಗ ಅದರೊಳಗೆ ಬಂತು, ನಡು ಎದೆಯ ಮೇಲೆ ಹಗುರಾಗಿ. ರೊಟ್ಟಿ ಬಡಿಯುವಾಗ ಲಿಂಗ ಕಟ್ಟಿದ ಶಿವದಾರವನ್ನು ಬೆನ್ನಿಗೆ ಸರಿಸಿಕೋ, ದೇವರು ಬೆನ್ನಿಗಿದ್ದರೆ ಏನೂ ಕೆಟ್ಟದ್ದಲ್ಲ ಎಂದರು. ಒಂದೆರಡು ತಿಂಗಳಲ್ಲಿ ಆ ಚುಚ್ಚುವ ನೋವು ಹೋಯಿತು. ಮುಟ್ಟಿನ ಮುಂಚಿನ ಜಗ್ಗುವಿಕೆ ಉಳಿಯಿತು, ಆದರೆ ಅದರ ಹೆದರಿಕೆ ಉಳಿಯಲಿಲ್ಲ. ಹೆದರಿಕೆ ಹೋದ ಮೇಲೆ ನೋವೂ ಅರ್ಧವಾದಂತೆ ಕಂಡಿತು.

ಇನ್ನು ನಮ್ಮತ್ತೆ. ಮಾತೇ ಆಡದ ಆ ಹೆಣ್ಣುಮಗಳು ಆಮೇಲೆ ನಳದ ಹತ್ತಿರ ಹೊಸದಾಗಿ ಬಂದ ಸೊಸೆ ಯಾರನ್ನೇ ಕಂಡರೂ ಕೊಡ ತುಂಬುವ ಹೊತ್ತಿಗೆ ಕೇಳುವವರು. ಎದಿ ನೋಯತೈತೇನು? ಗಂಟೇನರ ಐತೇನು? ನೋಯದಿದ್ದರೂ ತೋರಿಸಬೇಕು ನೋಡು. ಹುಡುಗಿಯರು ನಾಚಿ ಕೊಡ ಬಿಟ್ಟು ಓಡುತ್ತಿದ್ದರು. ಗಂಡಸರು ಆ ಹೊತ್ತಿಗೆ ನಳದ ಕಡೆ ಬರುವುದನ್ನೇ ಬಿಟ್ಟರು. ಬಿದಿರು ಕೆಲಸದ ಒಬ್ಬ ಹೆಣ್ಣುಮಗಳು ಮಾತ್ರ ಓಡಲಿಲ್ಲ, ನೋವಿಲ್ಲದ ಒಂದು ಗಂಟು ಇದೆ ಎಂದಳು. ಅತ್ತೆ ಅದೇ ವಾರ ಅವಳನ್ನು ಹಳಿಯಾಳಕ್ಕೆ ಕರೆದೊಯ್ದರು. ಶಿವನ ದಯೆ, ಅದು ಕೆಟ್ಟದ್ದಾಗಿರಲಿಲ್ಲ.

ಗುಂಡಗಡಿಗೆ ಬರಿದಾಗಿ ದೇವರ ಜಗಲಿಯ ಮೇಲೆ ಉಳಿಯಿತು. ಈಗಲೂ ಇದೆ. ನನ್ನ ಸೊಸೆಗೆ ನಾನು ಅದನ್ನು ಕೊಡಲಿಲ್ಲ, ಅರಿವೆಯ ಚೀಲ ಹೊಲಿದು ಕೊಟ್ಟೆ.

ಅತ್ತೆ ಬಹಳ ವರ್ಷ ಬದುಕಿದರು, ಮುಪ್ಪಿನಲ್ಲಿ ಒಂದು ಮಧ್ಯಾಹ್ನ ಉಂಡು ಒರಗಿದವರು ಹಾಗೆಯೇ ಹೋದರು. ಅವರ ಮೈ ತೊಳೆಯುವಾಗ ನಾನೇ ನೀರು ಹಾಕಿದೆ. ಬದುಕಿರುವಾಗ ಯಾರಿಗೂ ತೋರಿಸದ ಮೈ. ಎಡಗಡೆ, ಮೊಲೆಯ ಕೆಳಗೆ, ಗುಂಡಗೆ ಒಂದು ಕಪ್ಪು ಗುರುತು ಇತ್ತು, ನಡುವೆ ಮೊಗ್ಗಿನಷ್ಟು ಸಣ್ಣ ತಗ್ಗು. ನನ್ನದು ಒಂದು ವರ್ಷದಲ್ಲಿ ಮಾಯ್ದಿತ್ತು. ಅವರದು ಮಾಯ್ದಿರಲಿಲ್ಲ. ಬಿಸಿನೀರಿನ ಅರಿವೆಯನ್ನು ಹಿಂಡಿ ಆ ಜಾಗದ ಮೇಲಿಟ್ಟು, ನನಗೆ ಕಾವು ಕೊಡುತ್ತಿದ್ದರಲ್ಲ, ಹಾಗೆಯೇ ಸ್ವಲ್ಪ ಹೊತ್ತು ಹಿಡಿದೆ. ಉಳಿದ ಹೆಂಗಸರು ಹೊತ್ತಾಯಿತು ಎಂದು ಅವಸರ ಮಾಡಿದರು. ಆಮೇಲೆ ಲಿಂಗವನ್ನು ಅವರ ಎಡ ಅಂಗೈಯಲ್ಲಿಟ್ಟು, ಬೆರಳುಗಳನ್ನು ನಾನೇ ಮಡಿಸಿದೆ.